ಪ್ರತ್ಯಕ್ಷ ಮತ್ತು ಪ್ರಮಾಣ: ಬಾರ್ನಾರ್ಡ್ ನಕ್ಷತ್ರದ ಗ್ರಹಗಳು ಹಾಗೂ ಅನ್ಯಜೀವದ ಶೋಧ

ಪೀಠಿಕೆ

ಜಾನಪದ ಅಧ್ಯಯನದಲ್ಲಿ ಐತಿಹ್ಯವೆಂಬ ಪ್ರಕಾರಕ್ಕೆ ವಿಶಿಷ್ಟ ಸ್ಥಾನವಿದೆ. ಅಜ್ಜಿಕತೆಯನ್ನು ಹೇಳುವವರೂ ಕೇಳುವವರೂ ಅದು ಕಲ್ಪಿತವೆಂಬುದನ್ನು ಒಪ್ಪಿಕೊಂಡೇ ಕುಳಿತಿರುತ್ತಾರೆ. ಪುರಾಣವನ್ನು ಪವಿತ್ರವೆಂಬ ಭಾವನೆಯಿಂದ ಆಲಿಸುತ್ತಾರೆ. ಐತಿಹ್ಯವಾದರೋ 'ಇದು ನಿಜವಾಗಿ ನಡೆದದ್ದು' ಎಂಬ ಒತ್ತಿನೊಡನೆ ಆರಂಭವಾಗುತ್ತದೆ, 'ಹೀಗೂ ಇರಬಹುದೇ?' ಎಂಬ ಅನುಮಾನವೂ ಅದರ ಬೆನ್ನಿಗೇ ಸಾಗುತ್ತದೆ. ಹಂಗೆರಿ ಮೂಲದ ಜಾನಪದ ವಿದ್ವಾಂಸೆ ಲಿಂಡಾ ಡೇಗ್ ಅವರು ನಂಬಿಕೆಯ ಕುರಿತಾದ ವಾಗ್ವಾದವೇ ಐತಿಹ್ಯದ ಜೀವಾಳವೆಂದು ತಮ್ಮ ಬರಹಗಳಲ್ಲಿ ಪ್ರತಿಪಾದಿಸಿದ್ದಾರೆ. ಈ ದೃಷ್ಟಿಯಿಂದ ನೋಡಿದಾಗ, ನಮ್ಮ ಕಾಲದ ಅತ್ಯಂತ ವ್ಯಾಪಕವಾದ ಐತಿಹ್ಯಗಳಲ್ಲಿ ಒಂದು ಊರಿನ ಗಡಿಕಲ್ಲಿನ ಬಳಿಯಲ್ಲಿ ಇಲ್ಲ, ಆಕಾಶದಲ್ಲಿದೆ. ಭೂಮಿಯನ್ನು ಹೋಲುವ ಇನ್ನೊಂದು ಲೋಕವಿದೆ, ಅಲ್ಲಿ ಜೀವವಿದೆ ಎಂಬುದೇ ಅದು.

ಆದರೆ ಈ ಐತಿಹ್ಯಕ್ಕೂ ಉಳಿದವುಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇದರ ಸತ್ಯಾಸತ್ಯವನ್ನು ಪರೀಕ್ಷಿಸುವ ಉಪಕರಣಗಳು ಕಳೆದ ಮೂರು ದಶಕಗಳಲ್ಲಿ ಮನುಷ್ಯನ ಕೈಗೆ ಬಂದಿವೆ. ಪರ ನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು, ಅಂದರೆ ಬಾಹ್ಯಗ್ರಹಗಳನ್ನು, ಅಮೆರಿಕದ ನಾಸಾ ಸಂಸ್ಥೆ ದಾಖಲಿಸುತ್ತ ಬಂದಿದ್ದು, ದೃಢಪಟ್ಟವುಗಳ ಸಂಖ್ಯೆ 2025ರ ಸೆಪ್ಟೆಂಬರಿನಲ್ಲಿ 6,000ವನ್ನು ಮುಟ್ಟಿತು. ಅವುಗಳಲ್ಲಿ ಕೆಲವು ನಮಗೆ ಸಮೀಪದವು. ಕೆಲವು ಕಲ್ಲುಮಣ್ಣಿನ ಶಿಲಾಗ್ರಹಗಳು. ಇವುಗಳ ಶೋಧದ ಚರಿತ್ರೆಯನ್ನು ಒಂದೇ ಒಂದು ನಕ್ಷತ್ರದ ಉದಾಹರಣೆಯಿಂದ ವಿವರಿಸುವುದು, ಹಾಗೂ 'ಕಂಡದ್ದು' ಯಾವಾಗ 'ತಿಳಿದದ್ದು' ಆಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಖಗೋಳವಿಜ್ಞಾನವು ಈ ಲೇಖಕನ ಅಧ್ಯಯನ ಕ್ಷೇತ್ರವಲ್ಲ. ಆದರೆ ಒಂದು ಹೇಳಿಕೆಯು ಹೇಗೆ ಹುಟ್ಟುತ್ತದೆ, ಹೇಗೆ ಹರಡುತ್ತದೆ, ಅದರ ಪಾಠಾಂತರಗಳನ್ನು ಹೇಗೆ ತೂಗಿ ನೋಡಬೇಕು ಎಂಬುದು ಜಾನಪದ ಸಂಶೋಧಕನ ನಿತ್ಯದ ಕಾಯಕ. ಆ ಅಧಿಕಾರದಿಂದಷ್ಟೇ ಈ ಬರಹ.

ನೆಲೆ ಬದಲಿಸುವ ನಕ್ಷತ್ರ

ಉರಗಧರ ನಕ್ಷತ್ರಪುಂಜದಲ್ಲಿ ಬರಿಗಣ್ಣಿಗೆ ಕಾಣದ ಒಂದು ಮಂದವಾದ ಕೆಂಪು ನಕ್ಷತ್ರವಿದೆ. 1916ರಲ್ಲಿ ಅಮೆರಿಕದ ಖಗೋಳಜ್ಞ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಅವರು 1894ರಲ್ಲಿ ತೆಗೆದಿದ್ದ ಛಾಯಾಫಲಕವನ್ನು ಹೊಸ ಫಲಕದೊಂದಿಗೆ ಹೋಲಿಸಿದಾಗ, ಈ ನಕ್ಷತ್ರವು ತನ್ನ ನೆರೆಯ ನಕ್ಷತ್ರಗಳ ನಡುವೆ ಗಮನಾರ್ಹವಾಗಿ ಸ್ಥಾನ ಬದಲಿಸಿದ್ದು ಕಂಡುಬಂತು. ಇದು ವರ್ಷಕ್ಕೆ ಸುಮಾರು 10.3 ವಿಕಲೆಗಳಷ್ಟು, ಅಂದರೆ ಒಂದು ಅಂಶದ 3,600ರಲ್ಲಿ 10 ಭಾಗಕ್ಕಿಂತ ತುಸು ಹೆಚ್ಚು, ಸರಿಯುತ್ತದೆ. ಆಕಾಶದಲ್ಲಿ ಚಂದ್ರಬಿಂಬದ ಅಗಲದಷ್ಟು ದೂರವನ್ನು ಕ್ರಮಿಸಲು ಇದಕ್ಕೆ ಸುಮಾರು 180 ವರ್ಷ ಸಾಕು. ಬೇರೆ ಯಾವ ನಕ್ಷತ್ರವೂ ನಮ್ಮ ಆಕಾಶದಲ್ಲಿ ಇಷ್ಟು ವೇಗವಾಗಿ ಸರಿಯುವುದಿಲ್ಲ.

ಇದರ ದೂರ ಸುಮಾರು 6 ಜ್ಯೋತಿರ್ವರ್ಷ. ಮೂರು ನಕ್ಷತ್ರಗಳ ಆಲ್ಫಾ ಸೆಂಟಾರಿ ಕುಟುಂಬವನ್ನು ಬಿಟ್ಟರೆ ಸೂರ್ಯನಿಗೆ ಅತ್ಯಂತ ಹತ್ತಿರದ ನಕ್ಷತ್ರ ಇದೇ. ದ್ರವ್ಯರಾಶಿಯಲ್ಲಿ ಸೂರ್ಯನ ಆರನೆಯ ಒಂದು ಭಾಗದಷ್ಟಿರುವ ಇದನ್ನು ಕೆಂಪು ಕುಬ್ಜಗಳ ವರ್ಗಕ್ಕೆ ಸೇರಿಸಲಾಗಿದೆ. ನಮ್ಮ ಸುತ್ತಲಿನ ನಕ್ಷತ್ರಗಳಲ್ಲಿ ಸರಿಸುಮಾರು ಮುಕ್ಕಾಲು ಭಾಗ ಇಂಥ ಕೆಂಪು ಕುಬ್ಜಗಳೇ ಎಂಬುದನ್ನು ಇಲ್ಲಿ ನೆನಪಿಡಬೇಕು. ಹತ್ತಿರದ ಶಿಲಾಗ್ರಹಗಳ ಶೋಧವೆಂದರೆ ಬಹುಮಟ್ಟಿಗೆ ಕೆಂಪು ಕುಬ್ಜಗಳ ನೆರೆಯಲ್ಲಿ ನಡೆಯುವ ಶೋಧವೇ ಆಗಿದೆ.

ಮೊದಲ ಪಾಠ: 1963

ಡಚ್ ಮೂಲದ ಪೀಟರ್ ವಾನ್ ಡಿ ಕಾಂಪ್ ಅವರು ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನ ಸ್ಪ್ರೌಲ್ ವೀಕ್ಷಣಾಲಯದಲ್ಲಿ 1938ರಿಂದ ಬಾರ್ನಾರ್ಡ್ ನಕ್ಷತ್ರದ ಛಾಯಾಫಲಕಗಳನ್ನು ತೆಗೆಯಲಾರಂಭಿಸಿದರು. ಅವರ ತರ್ಕ ಸರಳವಾದುದು. ಗ್ರಹವೊಂದು ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ಸ್ಥಿರವಾಗಿ ನಿಲ್ಲುವುದಿಲ್ಲ. ಇಬ್ಬರು ಕೈಕೈ ಹಿಡಿದು ಸುತ್ತುವಾಗ ತೂಕದ ವ್ಯಕ್ತಿಯೂ ಅಷ್ಟಿಷ್ಟು ಓಲಾಡುವಂತೆ ಅದೂ ಓಲಾಡುತ್ತದೆ. ಆ ಓಲಾಟವನ್ನು ಅಳೆದರೆ, ಕಣ್ಣಿಗೆ ಕಾಣದ ಗ್ರಹವನ್ನು ಊಹಿಸಬಹುದು. ಕಾಲು ಶತಮಾನ ದುಡಿದು, ಎರಡು ಸಾವಿರಕ್ಕೂ ಹೆಚ್ಚು ಫಲಕಗಳನ್ನು ಪರಿಶೀಲಿಸಿ, 1963ರಲ್ಲಿ ಅವರು ತಮ್ಮ ಫಲಿತಾಂಶವನ್ನು ಪ್ರಕಟಿಸಿದರು: ಬಾರ್ನಾರ್ಡ್ ನಕ್ಷತ್ರವನ್ನು ಗುರುಗ್ರಹದ ಸುಮಾರು 1.6 ಪಟ್ಟು ದ್ರವ್ಯರಾಶಿಯ ಗ್ರಹವೊಂದು 24 ವರ್ಷಗಳಿಗೊಮ್ಮೆ ಸುತ್ತುತ್ತಿದೆ. 1969ರಲ್ಲಿ ಅದೇ ದತ್ತಾಂಶವನ್ನು ಎರಡು ಗ್ರಹಗಳಿಂದಲೂ ವಿವರಿಸಬಹುದೆಂದರು.

ಅವರು ಆಧರಿಸಿದ್ದ ಓಲಾಟದ ಪ್ರಮಾಣ ಫಲಕದ ಮೇಲೆ ಸುಮಾರು ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಇಷ್ಟು ಸೂಕ್ಷ್ಮವಾದ ಅಳತೆಯಲ್ಲಿ ಅಳೆಯುವವರ ಕಣ್ತಪ್ಪು ನುಸುಳುತ್ತದೆಂಬುದನ್ನು ಅವರು ಅರಿಯದವರಲ್ಲ. ಆದುದರಿಂದಲೇ ಫಲಕಗಳನ್ನು ಹತ್ತು ಮಂದಿಯವರೆಗೆ ಬೇರೆಬೇರೆಯವರಿಂದ ಅಳೆಯಿಸಿ ಸರಾಸರಿ ತೆಗೆಯುತ್ತಿದ್ದರು. ಆ ಕಾಲಕ್ಕೆ ಇದು ಅತ್ಯಂತ ಎಚ್ಚರದ ಕ್ರಮವಾಗಿತ್ತು. ಅವರ ನಿರ್ಣಯವು ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆಯಿತು. 1973ರಿಂದ 1978ರವರೆಗೆ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯು ಡಿಡಾಲಸ್ ಎಂಬ ಹೆಸರಿನಲ್ಲಿ ನಕ್ಷತ್ರಯಾನದ ನೌಕೆಯೊಂದರ ರೂಪರೇಷೆಯನ್ನು ಸಿದ್ಧಪಡಿಸಿದಾಗ ಅದರ ಗುರಿಯನ್ನಾಗಿ ಆರಿಸಿಕೊಂಡದ್ದೂ ಬಾರ್ನಾರ್ಡ್ ನಕ್ಷತ್ರವನ್ನೇ.

ಹತ್ತು ಕಣ್ಣು, ಒಂದೇ ಮಸೂರ

1973ರಲ್ಲಿ ಈ ಕಥನಕ್ಕೆ ಎರಡು ಕಡೆಗಳಿಂದ ಪೆಟ್ಟು ಬಿತ್ತು. ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಚ್ ಐಕ್‌ಹಾರ್ನ್ ಅವರು ಬೇರೆ ವೀಕ್ಷಣಾಲಯಗಳ ಫಲಕಗಳನ್ನು ಪರಿಶೀಲಿಸಿದಾಗ ಬಾರ್ನಾರ್ಡ್ ನಕ್ಷತ್ರದಲ್ಲಿ ಅಂಥ ಓಲಾಟವೇ ಕಾಣಲಿಲ್ಲ. ಅದೇ ವರ್ಷ, ಸ್ಪ್ರೌಲ್ ವೀಕ್ಷಣಾಲಯದವರೇ ಆದ ಜಾನ್ ಹರ್ಶಿ ಅವರು ಅಲ್ಲಿಯ ಫಲಕಗಳಲ್ಲಿ ಮತ್ತೊಂದು ನಕ್ಷತ್ರವನ್ನು ಅಳೆದರು. ಬಾರ್ನಾರ್ಡ್ ನಕ್ಷತ್ರ ಓಲಾಡಿದಂತೆಯೇ ಅದೂ ಓಲಾಡಿತ್ತು! ಆ ಜಿಗಿತಗಳು ದೂರದರ್ಶಕದ ಮಸೂರದ ಭಾಗದಲ್ಲಿ 1949 ಮತ್ತು 1957ರಲ್ಲಿ ಮಾಡಲಾಗಿದ್ದ ಬದಲಾವಣೆಗಳಿಗೆ ಹೊಂದಿಕೆಯಾಗುತ್ತಿದ್ದವು. ಓಲಾಡಿದ್ದು ನಕ್ಷತ್ರವಲ್ಲ, ದೂರದರ್ಶಕ.

ಈ ಪ್ರಸಂಗವನ್ನು ಮೊದಲು ಓದಿದಾಗ ಈ ಲೇಖಕನಿಗೆ ತನ್ನದೇ ಡಾಕ್ಟರೇಟ್ ಅಧ್ಯಯನದ ದಿನಗಳ ಒಂದು ತಪ್ಪು ನೆನಪಾಗದೆ ಇರಲಿಲ್ಲ. ಹಾಸನ ಮತ್ತು ತುಮಕೂರು ಜಿಲ್ಲೆಗಳ, ಪರಸ್ಪರ ಸಂಪರ್ಕವಿಲ್ಲದ ಎರಡು ಊರುಗಳಲ್ಲಿ ಇಬ್ಬರು ಹಿರಿಯ ಕಲಾವಿದೆಯರು ಹಾಡಿದ ಬೀಸುವ ಪದವೊಂದರಲ್ಲಿ ಬೇರೆಲ್ಲೂ ದೊರೆಯದ ಒಂದೇ ಬಗೆಯ ಸಾಲುಗಳು ದೊರೆತಿದ್ದವು. ಎರಡು ಸ್ವತಂತ್ರ ಪಾಠಗಳಲ್ಲಿ ಒಂದೇ ರೂಪ ಉಳಿದಿದೆಯೆಂದರೆ ಅದರ ಮೂಲ ಬಹಳ ಹಳೆಯದಿರಬೇಕೆಂದು ತೀರ್ಮಾನಿಸಿ ಒಂದು ಅಧ್ಯಾಯವನ್ನೇ ಬರೆದದ್ದಾಯಿತು. ಮರುವರ್ಷ ಮತ್ತೆ ಹೋದಾಗ, ಹಾಡನ್ನು ಕಲಿತದ್ದು ಯಾರಿಂದ ಎಂದು ವಿಚಾರಿಸಲಾಗಿ, 'ರೇಡಿಯಾದಾಗೆ ಬರ್ತಿತ್ತು ಕಣ್ ಮಗ, ಕೇಳ್ಕಂಡ್ ಕಲ್ತೆ' ಎಂದು ಆ ತಾಯಿ ನಿರಾಳವಾಗಿ ಹೇಳಿದರು. ಇನ್ನೊಬ್ಬ ಕಲಾವಿದೆಯ ಉತ್ತರವೂ ಅದೇ. ಹಾಡಿದವರು ಇಬ್ಬರು; ಸಾಕ್ಷಿ ಒಂದೇ. ಅಧ್ಯಾಯವನ್ನು ಕೈಬಿಡಬೇಕಾಯಿತು. ಕಲಾವಿದೆಯರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮೊದಲ ಸಲ ಆ ಪ್ರಶ್ನೆಯನ್ನು ಕೇಳದಿದ್ದದ್ದು ಸಂಶೋಧಕನ ದೋಷ.

ವಾನ್ ಡಿ ಕಾಂಪ್ ಅವರ ಹತ್ತು ಮಂದಿ ಅಳತೆಗಾರರ ಸ್ಥಿತಿಯೂ ಇದೇ ಆಗಿತ್ತು. ಕಣ್ಣುಗಳು ಹತ್ತಾದರೂ ಅವೆಲ್ಲ ಒಂದೇ ಮಸೂರದ ಮೂಲಕ ಬಂದ ಬೆಳಕನ್ನು ನೋಡಿದ್ದವು. ಸಾಕ್ಷಿಗಳ ಸಂಖ್ಯೆಗೂ ಸಾಕ್ಷಿಗಳ ಸ್ವಾತಂತ್ರ್ಯಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗುವುದು ವಿರಳ. ವಾನ್ ಡಿ ಕಾಂಪ್ ಅವರು ಕೊನೆಯವರೆಗೂ ತಮ್ಮ ಗ್ರಹವನ್ನು ಬಿಟ್ಟುಕೊಡಲಿಲ್ಲ. 1995ರ ಮೇ ತಿಂಗಳಲ್ಲಿ ಅವರು ನಿಧನರಾದರು.

ಹೊಸ ವಿಧಾನ: ಬೆಳಕಿನ ಬಣ್ಣದಲ್ಲಿ ಚಲನೆ

ಅವರು ತೀರಿಕೊಂಡ ಐದೇ ತಿಂಗಳಿಗೆ, 1995ರ ಅಕ್ಟೋಬರಿನಲ್ಲಿ, ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕ್ವೆಲೊ ಅವರು ಸೂರ್ಯನಂಥ ನಕ್ಷತ್ರವೊಂದನ್ನು ಸುತ್ತುವ ಮೊದಲ ಗ್ರಹವನ್ನು ಘೋಷಿಸಿದರು. 51 ಪೆಗಾಸಿ ನಕ್ಷತ್ರದ ಆ ಗ್ರಹ ತನ್ನ ಒಂದು ಸುತ್ತನ್ನು ನಾಲ್ಕು ದಿನಗಳಿಗೆ ತುಸು ಹೆಚ್ಚಿನ ಅವಧಿಯಲ್ಲೇ ಮುಗಿಸುತ್ತದೆ. ಈ ಶೋಧಕ್ಕಾಗಿ ಇಬ್ಬರಿಗೂ 2019ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಅವರು ಬಳಸಿದ ವಿಧಾನವನ್ನು ಸಂಕ್ಷೇಪವಾಗಿ ವಿವರಿಸುವುದು ಅಗತ್ಯ. ರೈಲು ನಮ್ಮತ್ತ ಬರುವಾಗ ಅದರ ಸಿಳ್ಳು ಏರುಶ್ರುತಿಯಲ್ಲೂ, ದೂರ ಸರಿಯುವಾಗ ಇಳಿಶ್ರುತಿಯಲ್ಲೂ ಕೇಳಿಸುವುದು ಎಲ್ಲರ ಅನುಭವ. ಬೆಳಕಿಗೂ ಈ ನಿಯಮ ಅನ್ವಯಿಸುತ್ತದೆ. ನಕ್ಷತ್ರವು ನಮ್ಮತ್ತ ಸರಿದಾಗ ಅದರ ಬೆಳಕಿನ ರೋಹಿತದಲ್ಲಿರುವ ಗೆರೆಗಳು ನೀಲಿಯ ಕಡೆಗೂ, ಹಿಂದೆ ಸರಿದಾಗ ಕೆಂಪಿನ ಕಡೆಗೂ ಅತ್ಯಲ್ಪವಾಗಿ ಸರಿಯುತ್ತವೆ. ಈ ಸರಿತವು ನಿಯತ ಕಾಲಕ್ಕೊಮ್ಮೆ ಮರುಕಳಿಸಿದರೆ ನಕ್ಷತ್ರವನ್ನು ಯಾವುದೋ ಕಾಯ ಎಳೆದಾಡುತ್ತಿದೆಯೆಂದು ತರ್ಕಿಸಲು ಸಾಧ್ಯ. ಗುರುಗ್ರಹವು ಸೂರ್ಯನನ್ನು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ಓಲಾಡಿಸಿದರೆ, ಭೂಮಿಯು ಓಲಾಡಿಸುವುದು ಸೆಕೆಂಡಿಗೆ ಕೇವಲ 9 ಸೆಂಟಿಮೀಟರ್. ಸೂರ್ಯನಂಥ ನಕ್ಷತ್ರದ ಬಳಿ ಭೂಮಿಯಂಥ ಗ್ರಹವನ್ನು ಹುಡುಕುವುದು ಇಂದಿಗೂ ದುಸ್ಸಾಧ್ಯವಾಗಿರುವುದು ಈ ಕಾರಣದಿಂದ. ಕೆಂಪು ಕುಬ್ಜಗಳು ಹಗುರವಾದ್ದರಿಂದ ಸಣ್ಣ ಗ್ರಹದ ಎಳೆತಕ್ಕೂ ಹೆಚ್ಚು ಓಲಾಡುತ್ತವೆ. ಹತ್ತಿರದ ಶಿಲಾಗ್ರಹಗಳು ಮೊದಲು ಅಲ್ಲೇ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಮತ್ತು ಮೂರನೆಯ ಪಾಠಗಳು

ಬಾರ್ನಾರ್ಡ್ ನಕ್ಷತ್ರದ ಕಥನ ಮತ್ತೆ ಆರಂಭವಾದದ್ದು 2018ರ ನವೆಂಬರಿನಲ್ಲಿ. ಸ್ಪೇನಿನ ಇಗ್ನಾಸಿ ರಿಬಾಸ್ ಅವರ ನೇತೃತ್ವದ ತಂಡವು ಎರಡು ದಶಕಗಳಲ್ಲಿ ಹಲವು ಉಪಕರಣಗಳಿಂದ ಸಂಗ್ರಹವಾಗಿದ್ದ ಏಳುನೂರಕ್ಕೂ ಹೆಚ್ಚು ಅಳತೆಗಳನ್ನು ಒಟ್ಟುಗೂಡಿಸಿ, ಭೂಮಿಯ ಕನಿಷ್ಠ 3.2 ಪಟ್ಟು ದ್ರವ್ಯರಾಶಿಯ ಗ್ರಹವೊಂದು 233 ದಿನಗಳಿಗೊಮ್ಮೆ ಅದನ್ನು ಸುತ್ತುತ್ತಿರಬಹುದೆಂದು ಪ್ರಕಟಿಸಿತು. ತಂಡವು ಅದನ್ನು 'ಅಭ್ಯರ್ಥಿ ಗ್ರಹ' ಎಂದೇ ಕರೆದದ್ದು ಗಮನಾರ್ಹ. ಈ ಬಾರಿ ಮಸೂರಗಳು ಹಲವು. 1963ರ ದೋಷ ಇಲ್ಲಿರಲಿಲ್ಲ. ಆದರೆ ಬೇರೊಂದು ದೋಷ ಕಾದಿತ್ತು. ಸೂರ್ಯನ ಮೇಲಿರುವಂತೆ ಈ ನಕ್ಷತ್ರದ ಮೇಲೂ ಕಲೆಗಳಿವೆ. ಅದು ತನ್ನ ಅಕ್ಷದ ಸುತ್ತ ತಿರುಗಲು ಸುಮಾರು 145 ದಿನ ಬೇಕು. ತಿರುಗುವಾಗ ಕಲೆಗಳು ಕಂಡು ಮರೆಯಾಗುವುದರಿಂದ ರೋಹಿತದ ಗೆರೆಗಳು ಗ್ರಹವಿಲ್ಲದೆಯೂ ಸರಿದಂತೆ ತೋರುತ್ತವೆ. ಈ ತಿರುಗುವಿಕೆಯ ಅವಧಿಯು ಭೂಮಿಯ ವರ್ಷದ ಲಯದೊಡನೆ ಬೆರೆತಾಗ 233 ದಿನಗಳ ಸಮೀಪದಲ್ಲಿ ಒಂದು ಹುಸಿ ಲಯ ಹುಟ್ಟುತ್ತದೆ. 2021ರಲ್ಲಿ ಜ್ಯಾಕ್ ಲೂಬಿನ್ ಮತ್ತು ಸಂಗಡಿಗರು ಹೊಸ ಅಳತೆಗಳ ನೆರವಿನಿಂದ ಇದನ್ನು ತೋರಿಸಿಕೊಟ್ಟರು. ಮೊದಲ ಸಲ ಉಪಕರಣ ಮೋಸಗೊಳಿಸಿತ್ತು. ಎರಡನೆಯ ಸಲ ನಕ್ಷತ್ರವೇ ಮೋಸಗೊಳಿಸಿತು.

ಮೂರನೆಯ ಪಾಠ ತೀರ ಈಚಿನದು. ಚಿಲಿ ದೇಶದ ಪರನಾಲ್ ಬೆಟ್ಟದ ಮೇಲಿರುವ 8.2 ಮೀಟರ್ ವ್ಯಾಸದ ದೂರದರ್ಶಕಗಳಿಗೆ ಜೋಡಿಸಿದ ಎಸ್ಪ್ರೆಸೊ ಎಂಬ ರೋಹಿತಲೇಖಿಯಿಂದ ನಾಲ್ಕು ವರ್ಷಗಳ ಕಾಲ ವೀಕ್ಷಿಸಿ, ಸ್ಪೇನಿನ ಹೊನಾಯ್ ಗೊನ್ಸಾಲೆಸ್ ಎರ್ನಾಂಡೆಸ್ ಅವರ ತಂಡವು 2024ರ ಅಕ್ಟೋಬರಿನಲ್ಲಿ 3.15 ದಿನಗಳ ಅವಧಿಯ ಒಂದು ಗ್ರಹವನ್ನು ಪ್ರಕಟಿಸಿತು. ಇನ್ನೂ ಮೂರರ ಸುಳಿವು ಇದೆಯೆಂದೂ, ಅವು ದೃಢಪಡಬೇಕಾಗಿದೆಯೆಂದೂ ಹೇಳಿತು. ದೃಢೀಕರಣ ಬಂದದ್ದು ಬೇರೆ ನೆಲದಿಂದ. ಹವಾಯಿಯ ಮೌನಾ ಕೇಯಾ ಶಿಖರದ ಜೆಮಿನಿ ನಾರ್ತ್ ದೂರದರ್ಶಕದಲ್ಲಿ ಮರೂನ್-ಎಕ್ಸ್ ಎಂಬ ಇನ್ನೊಂದು ಉಪಕರಣದಿಂದ, ಮತ್ತೊಂದು ತಂಡ ಪ್ರತ್ಯೇಕವಾಗಿ ವೀಕ್ಷಣೆ ನಡೆಸಿತ್ತು. ಷಿಕಾಗೋ ವಿಶ್ವವಿದ್ಯಾಲಯದ ರಿತ್ವಿಕ್ ಬಸಂತ್ ಮೊದಲ ಲೇಖಕರಾಗಿರುವ ಆ ತಂಡದ ಪ್ರಬಂಧ 2025ರ ಮಾರ್ಚಿನಲ್ಲಿ ಹೊರಬಂದಾಗ, ಎರಡೂ ಉಪಕರಣಗಳ ದತ್ತಾಂಶ ಸೇರಿ ನಾಲ್ಕೂ ಗ್ರಹಗಳು ದೃಢಪಟ್ಟವು.

ಅವುಗಳ ಅವಧಿ ಸುಮಾರು 2.3, 3.2, 4.1 ಮತ್ತು 6.7 ದಿನಗಳು. ಕನಿಷ್ಠ ದ್ರವ್ಯರಾಶಿ ಭೂಮಿಯ ಐದನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ. ಇವು ತಮ್ಮ ನಕ್ಷತ್ರವನ್ನು ಓಲಾಡಿಸುವ ವೇಗ ಸೆಕೆಂಡಿಗೆ ಅರ್ಧ ಮೀಟರ್ ಅಥವಾ ಅದಕ್ಕಿಂತಲೂ ಕಡಿಮೆ. ಊರುಗೋಲು ಹಿಡಿದು ನಡೆಯುವ ವೃದ್ಧರ ನಡಿಗೆಯನ್ನು 6 ಜ್ಯೋತಿರ್ವರ್ಷ ದೂರದಿಂದ ಗುರುತಿಸಿದಂತೆ ಇದು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. 'ಹಾಗಾದರೆ ವಾನ್ ಡಿ ಕಾಂಪ್ ಹೇಳಿದ್ದೇ ನಿಜವಾಯಿತು' ಎಂಬ ರೂಪದಲ್ಲಿ ಈ ಕಥನವನ್ನು ಮುಗಿಸುವ ಆಸೆ ಸಹಜ. ಐತಿಹ್ಯಗಳು ಹೀಗೆಯೇ ಮುಗಿಯುತ್ತವೆ. ಜನ ನಗೆಯಾಡಿದ ಹಿರಿಯನ ಮಾತು ಕೊನೆಗೆ ಫಲಿಸುತ್ತದೆ. ಆದರೆ ಅವರು ಹೇಳಿದ್ದು ಗುರುವಿಗಿಂತ ದೊಡ್ಡದಾದ, 24 ವರ್ಷಕ್ಕೊಮ್ಮೆ ಸುತ್ತುವ ಗ್ರಹವನ್ನು. ಈಗ ದೊರೆತಿರುವುದು ಭೂಮಿಗಿಂತ ಚಿಕ್ಕದಾದ, ವಾರದೊಳಗೆ ಸುತ್ತು ಮುಗಿಸುವ ಗ್ರಹಗಳು. ಬಾರ್ನಾರ್ಡ್ ನಕ್ಷತ್ರಕ್ಕೆ ಗ್ರಹಗಳಿದ್ದವು ನಿಜ. ಅವರು ಕಂಡದ್ದು ಅವನ್ನಲ್ಲ. ತಪ್ಪು ಆಧಾರದ ಮೇಲೆ ಹೇಳಿದ ಮಾತು ಮುಂದೆಂದೋ ಸತ್ಯದ ಪಕ್ಕದಲ್ಲಿ ಬಂದು ನಿಂತರೂ ಅದು ಅರಿವು ಎನಿಸಿಕೊಳ್ಳುವುದಿಲ್ಲ. ಅನ್ಯಜೀವದ ಶೋಧಕ್ಕೆ ಈ ವಿವೇಕ ಅತ್ಯಗತ್ಯ.

'ಶಿಲಾಗ್ರಹ', 'ವಾಸಯೋಗ್ಯ' ಎಂಬ ಪದಗಳು

ಜೀವದ ಪ್ರಶ್ನೆಗೆ ಹೋಗುವ ಮುನ್ನ ಎರಡು ಪದಗಳನ್ನು ಪರಿಶೀಲಿಸಬೇಕು. ಓಲಾಟದ ವಿಧಾನದಿಂದ ತಿಳಿಯುವುದು ಗ್ರಹದ ಕನಿಷ್ಠ ದ್ರವ್ಯರಾಶಿ ಮಾತ್ರ. ಅದರ ಗಾತ್ರ ತಿಳಿಯುವುದಿಲ್ಲ. ಗಾತ್ರ ತಿಳಿಯಬೇಕಾದರೆ ಗ್ರಹವು ನಮಗೂ ನಕ್ಷತ್ರಕ್ಕೂ ನಡುವೆ ಹಾದುಹೋಗಿ ಬೆಳಕನ್ನು ಕ್ಷಣಕಾಲ ತುಸು ಕುಂದಿಸಬೇಕು. ಇದನ್ನು ಸಂಕ್ರಮಣ ಎನ್ನುತ್ತಾರೆ. ದ್ರವ್ಯರಾಶಿ, ಗಾತ್ರಗಳೆರಡೂ ತಿಳಿದರೆ ಸಾಂದ್ರತೆ ತಿಳಿಯುತ್ತದೆ. ಸಾಂದ್ರತೆಯಿಂದ ಅದು ಕಲ್ಲೋ ಅನಿಲವೋ ಎಂದು ನಿರ್ಣಯಿಸಬಹುದು. ಬಾರ್ನಾರ್ಡ್ ನಕ್ಷತ್ರದ ಗ್ರಹಗಳ ಸಂಕ್ರಮಣ ಕಂಡುಬಂದಿಲ್ಲ. ಇಷ್ಟು ಹಗುರವಾದ ಗ್ರಹಗಳು ಕಲ್ಲಿನವೇ ಆಗಿರುವ ಸಂಭವ ಹೆಚ್ಚು ಎಂಬುದು ಯುಕ್ತಿಯುಕ್ತ ಅನುಮಾನವೇ ಹೊರತು ಅಳತೆಯಲ್ಲ.

'ವಾಸಯೋಗ್ಯ ವಲಯ' ಎಂಬ ಪದ ಇದಕ್ಕಿಂತ ಹೆಚ್ಚು ಗೊಂದಲಕ್ಕೆ ಎಡೆಮಾಡಿದೆ. ತಕ್ಕ ವಾತಾವರಣವಿದ್ದಲ್ಲಿ ಗ್ರಹದ ಮೇಲ್ಮೈಯಲ್ಲಿ ನೀರು ದ್ರವರೂಪದಲ್ಲಿ ಉಳಿಯಬಲ್ಲಷ್ಟು ನಕ್ಷತ್ರದ ಶಾಖ ತಲುಪುವ ಅಂತರ ಎಂಬುದಷ್ಟೇ ಅದರ ಅರ್ಥ. 'ತಕ್ಕ ವಾತಾವರಣವಿದ್ದಲ್ಲಿ' ಎಂಬ ಷರತ್ತು ಸುದ್ದಿಯಾಗುವಾಗ ಉದುರಿಹೋಗುತ್ತದೆ. ಕನ್ನಡದಲ್ಲಿ 'ಮತ್ತೊಂದು ಭೂಮಿ' ಎಂಬ ಮಾತಷ್ಟೇ ಉಳಿಯುತ್ತದೆ. ಬಾರ್ನಾರ್ಡ್ ನಕ್ಷತ್ರದ ನಾಲ್ಕೂ ಗ್ರಹಗಳು ಈ ವಲಯಕ್ಕಿಂತ ಒಳಗೆ, ಹೆಚ್ಚು ಕಾವಿನಲ್ಲಿವೆ.

ಪ್ರಾಕ್ಸಿಮಾ ಸೆಂಟಾರಿಯ ಸ್ಥಿತಿ ಬೇರೆ. ಸೂರ್ಯನಿಗೆ ಅತ್ಯಂತ ನಿಕಟವಾದ, 4.24 ಜ್ಯೋತಿರ್ವರ್ಷ ದೂರದ ಈ ನಕ್ಷತ್ರದ ಬಳಿ 2016ರ ಆಗಸ್ಟಿನಲ್ಲಿ ಗಿಯೆಮ್ ಅಂಗ್ಲಾಡಾ ಎಸ್ಕುಡೆ ಅವರ ತಂಡ ಪ್ರಕಟಿಸಿದ ಗ್ರಹವು ಕನಿಷ್ಠ ಭೂಮಿಯಷ್ಟೇ ದ್ರವ್ಯರಾಶಿಯದು, ಅವಧಿ 11.2 ದಿನ, ವಾಸಯೋಗ್ಯ ವಲಯದಲ್ಲಿಯೇ ಇದೆ. ಆದರೆ ಆ ನಕ್ಷತ್ರವು ಆಗಾಗ ಪ್ರಬಲ ಜ್ವಾಲೆಗಳನ್ನು ಉಗುಳುವ ಸ್ವಭಾವದ್ದು. ಇಂಥ ಬಿರುಸಿನಲ್ಲಿ ಗ್ರಹದ ವಾತಾವರಣ ಉಳಿದಿದೆಯೇ ಎಂಬುದೇ ಮೂಲಭೂತ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಹೆಚ್ಚು ಅನುಕೂಲವಾಗಿರುವುದು ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜ. ಬೆಲ್ಜಿಯಮ್ಮಿನ ಮಿಕಾಯೆಲ್ ಗಿಯೋನ್ ಅವರ ನೇತೃತ್ವದ ತಂಡ 2017ರ ಫೆಬ್ರವರಿಯಲ್ಲಿ ಅಲ್ಲಿ ಭೂಮಿಯ ಆಸುಪಾಸಿನ ಗಾತ್ರದ ಏಳು ಗ್ರಹಗಳಿವೆಯೆಂದು ತಿಳಿಸಿತು. ಏಳಕ್ಕೂ ಸಂಕ್ರಮಣವಿದೆ, ಆದ್ದರಿಂದ ಅವು ಶಿಲಾಗ್ರಹಗಳೆಂಬುದು ಸಾಂದ್ರತೆಯಿಂದಲೇ ತಿಳಿದಿದೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವು 2023ರಲ್ಲಿ ಒಳಗಿನ ಎರಡು ಗ್ರಹಗಳ ಶಾಖವನ್ನು ಅಳೆಯಿತು. ಮೊದಲನೆಯದರ ಹಗಲಿನ ಭಾಗ ಸುಮಾರು 230 ಡಿಗ್ರಿ ಸೆಲ್ಸಿಯಸ್. ಅದು ಹೇಳಿಕೊಳ್ಳುವಂಥ ವಾತಾವರಣವಿಲ್ಲದ ಬೋಳುಬಂಡೆಗೆ ಹೊಂದುವ ಉಷ್ಣತೆ. ಎರಡನೆಯದರಲ್ಲಿ ಶುಕ್ರನಲ್ಲಿರುವಂಥ ದಟ್ಟ ಇಂಗಾಲದ ಡೈಆಕ್ಸೈಡ್ ಕವಚವಿಲ್ಲವೆಂದು ತಿಳಿಯಿತು. ವಾಸಯೋಗ್ಯ ವಲಯದಲ್ಲಿರುವ ನಾಲ್ಕನೆಯ ಗ್ರಹದ ಮೊದಲ ನಾಲ್ಕು ಸಂಕ್ರಮಣಗಳ ವರದಿ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ವಾತಾವರಣ ಇದೆಯೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸಲು ಅದು ಸಾಲಲಿಲ್ಲ. ಅಡ್ಡಿಯಾದದ್ದು ನಕ್ಷತ್ರದ ಮೇಲಿನ ಕಲೆಗಳೇ. 2018ರಲ್ಲಿ ಬಾರ್ನಾರ್ಡ್ ನಕ್ಷತ್ರ ಕಲಿಸಿದ ಪಾಠ ಇಲ್ಲಿ ಮತ್ತೆ ಎದುರಾಗಿದೆ.

ಜೀವದ ಸುಳಿವು: ಮೂರು ಪ್ರಸಂಗಗಳು

1877ರಲ್ಲಿ ಮಿಲಾನಿನ ಜೊವಾನಿ ಸ್ಕಿಯಪರೆಲ್ಲಿ ಅವರು ಮಂಗಳದ ಮೇಲೆ ಕಂಡ ರೇಖೆಗಳನ್ನು ಇಟಾಲಿಯನ್ ಭಾಷೆಯಲ್ಲಿ 'ಕನಾಲಿ' ಎಂದು ಕರೆದರು. ನಿಸರ್ಗಸಹಜ ಕಂದರಕ್ಕೂ ತೋಡಿದ ಕಾಲುವೆಗೂ ಆ ಭಾಷೆಯಲ್ಲಿ ಒಂದೇ ಪದ. ಇಂಗ್ಲಿಷಿಗೆ ಬರುವಾಗ ಅದು ತೋಡಿದ ಕಾಲುವೆಯಾಯಿತು. ಕಾಲುವೆಯಾದ ಮೇಲೆ ತೋಡಿದವರೂ ಇರಲೇಬೇಕಾಯಿತು. ಅಮೆರಿಕದ ಪರ್ಸಿವಲ್ ಲೊವೆಲ್ ಅವರು 1894ರಲ್ಲಿ ಅರಿಜೋನಾದಲ್ಲಿ ವೀಕ್ಷಣಾಲಯವನ್ನೇ ಕಟ್ಟಿಸಿ, ನೀರಿಲ್ಲದೆ ಬಳಲುವ ಮಂಗಳವಾಸಿಗಳ ನಾಗರಿಕತೆಯನ್ನು ವರ್ಣಿಸಿದರು. 1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆ ಕಳುಹಿಸಿದ ಚಿತ್ರಗಳಲ್ಲಿ ಕಂಡದ್ದು ಕುಳಿಗಳು ಬಿದ್ದ ಬರಡು ನೆಲ. ಒಂದು ಪದದ ಅನುವಾದದಿಂದ ಒಂದು ಲೋಕವೇ ಹುಟ್ಟಿದ ಈ ಪ್ರಸಂಗ ಜಾನಪದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದದ್ದು.

ಎರಡನೆಯದು ರೇಡಿಯೋ ಸಂಕೇತದ ಪ್ರಸಂಗ. 2019ರ ಏಪ್ರಿಲ್-ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕವು ಪ್ರಾಕ್ಸಿಮಾ ಸೆಂಟಾರಿಯತ್ತ ಮುಖಮಾಡಿದ್ದಾಗ 982 ಮೆಗಾಹರ್ಟ್ಸ್ ಸಮೀಪದಲ್ಲಿ ಕಿರಿದಾದ ಸಂಕೇತವೊಂದು ದಾಖಲಾಯಿತು. ದೂರದರ್ಶಕವನ್ನು ಬೇರೆಡೆ ತಿರುಗಿಸಿದಾಗ ಅದು ಕಾಣಲಿಲ್ಲ. ಅನ್ಯಲೋಕದ ಸಂಕೇತ ಹೇಗಿರಬೇಕೆಂದು ಊಹಿಸಲಾಗಿತ್ತೋ ಹಾಗೆಯೇ ಇದೂ ಇತ್ತು. ಬ್ರೇಕ್‌ಥ್ರೂ ಲಿಸನ್ ಯೋಜನೆಯ ಸೋಫಿಯಾ ಶೇಖ್ ಮತ್ತು ಸಂಗಡಿಗರು ಬೇರೆ ಆವರ್ತಗಳಲ್ಲಿಯೂ, ಪ್ರಾಕ್ಸಿಮಾದ ಕಡೆ ನೋಡದಿರುವಾಗಲೂ ಅಂಥವೇ ಸಂಕೇತಗಳಿವೆಯೇ ಎಂದು ಹುಡುಕಿದರು, ಹತ್ತಾರು ಸಿಕ್ಕವು. ನಮ್ಮದೇ ಉಪಕರಣಗಳ ಗದ್ದಲವದು ಎಂಬ ತೀರ್ಮಾನ 2021ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಹರ್ಶಿ ಅವರು ಮತ್ತೊಂದು ನಕ್ಷತ್ರವನ್ನು ಅಳೆದು ನೋಡಿದ ಕ್ರಮವೇ ಇದು. ಈ ಸಲ ಹೇಳಿಕೆಯನ್ನು ಪರೀಕ್ಷಿಸಿದವರು ಅದನ್ನು ಪತ್ತೆಹಚ್ಚಿದ ಬಳಗದವರೇ ಎಂಬುದು ಪ್ರಗತಿಯ ಲಕ್ಷಣ.

ಮೂರನೆಯದು 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ್ದು. ಇದು ಭೂಮಿಯ ಸುಮಾರು 8.6 ಪಟ್ಟು ದ್ರವ್ಯರಾಶಿಯದು, ಶಿಲಾಗ್ರಹವೆಂದು ಹೇಳುವಂತಿಲ್ಲ. 2023ರಲ್ಲಿ ಇದರ ವಾತಾವರಣದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ, ಭಾರತೀಯ ಮೂಲದ ನಿಕ್ಕು ಮಧುಸೂದನ್ ಅವರ ತಂಡ ವರದಿ ಮಾಡಿತು. 2025ರ ಏಪ್ರಿಲಿನಲ್ಲಿ ಅದೇ ತಂಡ, ಭೂಮಿಯಲ್ಲಿ ಮುಖ್ಯವಾಗಿ ಕಡಲಿನ ಸೂಕ್ಷ್ಮಜೀವಿಗಳಿಂದ ಹೊಮ್ಮುವ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಸಂಬಂಧಿಯ ಸುಳಿವು ದೊರೆತಿದೆಯೆಂದಿತು. ಇನ್ನಷ್ಟು ವೀಕ್ಷಣೆ ಬೇಕೆಂಬುದನ್ನೂ ಸೇರಿಸಿತು. ಅದೇ ವರ್ಷ ಬೇರೆ ತಂಡಗಳು ಆ ದತ್ತಾಂಶವನ್ನೇ ಪುನರ್ವಿಶ್ಲೇಷಿಸಿ, ಆ ತೀರ್ಮಾನಕ್ಕೆ ಪುರಾವೆ ಸಾಲದೆಂದವು. ಇದೇ ರಾಸಾಯನಿಕ ಧೂಮಕೇತುವೊಂದರಲ್ಲಿಯೂ ಇರುವುದು 2024ರಲ್ಲಿ ತಿಳಿದಿತ್ತು. ಅದು ಜೀವವಿಲ್ಲದೆಯೂ ಉಂಟಾಗಬಲ್ಲದು ಎಂದಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಸಾಕ್ಷಿಗಳು ನಿಜವಾಗಿಯೂ ಬೇರೆಬೇರೆಯೇ, ಇಲ್ಲವೇ ಒಂದೇ ಮಸೂರದ ಹಲವು ಕಣ್ಣುಗಳೇ? ಕಂಡ ಲಕ್ಷಣಕ್ಕೆ ಗ್ರಹವೋ ಜೀವವೋ ಅಲ್ಲದ ಬೇರೊಂದು ಕಾರಣವಿದೆಯೇ? ಹೇಳಿಕೆಯು ಒಬ್ಬರಿಂದ ಒಬ್ಬರಿಗೆ ದಾಟುವಾಗ ಯಾವ ಷರತ್ತು ಉದುರಿಹೋಯಿತು? ಇವು ಖಗೋಳಜ್ಞರ ಪ್ರಶ್ನೆಗಳೂ ಹೌದು, ಕ್ಷೇತ್ರಕಾರ್ಯಕ್ಕೆ ಹೊರಟ ಸಂಶೋಧಕನ ಪ್ರಶ್ನೆಗಳೂ ಹೌದು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆ ಇವೆಲ್ಲವನ್ನೂ ಒಳಗೊಂಡಿದೆ.

ಹೀಗೆಂದು ಅನುಮಾನವನ್ನೇ ವಿವೇಕವೆಂದು ಭಾವಿಸಬೇಕಾಗಿಲ್ಲ. ಬಾರ್ನಾರ್ಡ್ ನಕ್ಷತ್ರಕ್ಕೆ ಗ್ರಹಗಳಿಲ್ಲವೆಂದು 1973ರಲ್ಲೇ ಬಾಗಿಲು ಮುಚ್ಚಿದ್ದರೆ 2025ರ ನಾಲ್ಕು ಗ್ರಹಗಳು ಸಿಗುತ್ತಿರಲಿಲ್ಲ. ಅಧ್ಯಾಯವನ್ನು ಕೈಬಿಟ್ಟ ಮಾತ್ರಕ್ಕೆ ಹಾಡನ್ನು ಕೈಬಿಡಬೇಕಾಗಿಲ್ಲ. ಆ ಇಬ್ಬರು ತಾಯಂದಿರು ರೇಡಿಯೋದಿಂದ ಕಲಿತದ್ದನ್ನು ತಮ್ಮ ಊರಿನ ರಾಗಕ್ಕೆ ಹೇಗೆ ಒಗ್ಗಿಸಿಕೊಂಡರೆಂಬುದು ಮುಂದೆ ಬೇರೆಯದೇ ಆದ, ಇನ್ನೂ ಗಟ್ಟಿಯಾದ ಅಧ್ಯಯನಕ್ಕೆ ವಸ್ತುವಾಯಿತು. ತಪ್ಪನ್ನು ಒಪ್ಪಿಕೊಂಡ ಮೇಲೂ ಹುಡುಕಾಟವನ್ನು ಮುಂದುವರಿಸುವುದರಲ್ಲಿಯೇ ಸಂಶೋಧನೆಯ ಘನತೆಯಿದೆ.

2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ರತಿಯೊಂದು ದೇಶಕ್ಕೂ ಒಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಅವಕಾಶವಿತ್ತಾಗ, ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿನಲ್ಲಿ 'ಬಿಭಾ' ಎಂದೂ, ಅದರ ಗ್ರಹಕ್ಕೆ 'ಸಂತಮಸ' ಎಂದೂ ಹೆಸರಾಯಿತು. ಗುರುವನ್ನು ಹೋಲುವ ಆ ಗ್ರಹದಲ್ಲಿ ಜೀವದ ನಿರೀಕ್ಷೆಯೇನೂ ಇಲ್ಲ. ಆದರೆ ಹೆಸರು ಮಾತ್ರ ಈ ಶೋಧಕ್ಕೆಲ್ಲ ಒಪ್ಪುವಂಥದು: ಸಂತಮಸವೆಂದರೆ ಕವಿದುಕೊಂಡ ಕತ್ತಲೆ. ಆ ಕತ್ತಲೆಯಲ್ಲಿ ಮೊದಲು ಕಾಣುವುದು ಎಷ್ಟೋ ಸಲ ನಮ್ಮದೇ ದೀಪದ ನೆರಳು. ನೆರಳನ್ನು ನೆರಳೆಂದು ಗುರುತಿಸಿದವರಿಗೆ ಮಾತ್ರ ಅದರಾಚೆ ಇರುವುದು ಎಂದಾದರೊಂದು ದಿನ ಕಂಡೀತು.